ಲಕ್ಷ್ಮಣ ಫಲ: ಪ್ರಯೋಗಾಲಯ ಕಂಡದ್ದು, ಸಂತೆಯಲ್ಲಿ ಹೇಳುವುದು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹಣ್ಣು ಬೆಳೆಗಾರರಿಗೆ, ನರ್ಸರಿಯವರಿಗೆ, ಹಣ್ಣಿನ ವ್ಯಾಪಾರಿಗಳಿಗೆ ಒಂದು ಬಹಿರಂಗ ಪತ್ರ



ಲಕ್ಷ್ಮಣ ಫಲವು ಸೀತಾಫಲ, ರಾಮಫಲಗಳ ಕುಲಕ್ಕೇ ಸೇರಿದ ಮರ. ಕೆಲವೆಡೆ ಇದನ್ನು ಮುಳ್ಳು ರಾಮಫಲ ಎಂದೂ ಹನುಮ ಫಲ ಎಂದೂ ಕರೆಯುತ್ತಾರೆ. 1753ರಲ್ಲಿ ಲಿನ್ನೇಯಸ್ ಕೊಟ್ಟ ಅನೋನಾ ಮ್ಯೂರಿಕೇಟಾ ಎಂಬ ಹೆಸರೇ ಸಸ್ಯಶಾಸ್ತ್ರದಲ್ಲಿ ಇಂದಿಗೂ ನಿಂತಿದೆ. ಇದರ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಅದರ ಪಕ್ಕದ ಕೆರಿಬಿಯನ್ ದ್ವೀಪಗಳು. ಆ ಸೀಮೆಯಲ್ಲಿ ಈ ಮರ ಹೇರಳವಾಗಿತ್ತೆಂದು ಸ್ಪೇನಿನ ಚರಿತ್ರಕಾರ ಒವಿಯೆಡೊ 1526ರಲ್ಲೇ ಬರೆದಿಟ್ಟಿದ್ದಾನೆ. ಇವತ್ತು ಮೆಕ್ಸಿಕೊ, ಕೊಲಂಬಿಯ, ವೆನೆಜುವೆಲ, ಬ್ರೆಜಿಲ್, ಪೆರು ದೇಶಗಳಲ್ಲಿ ಅದು ತೋಟದ ಬೆಳೆ. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಅದಿನ್ನೂ ಆ ಮಟ್ಟಕ್ಕೆ ಬಂದಿಲ್ಲ. ಹಿತ್ತಲಿನಲ್ಲೋ ತೆಂಗಿನ ಸಾಲಿನ ನಡುವೆಯೋ ಪಂಪ್‌ಸೆಟ್ ಮನೆಯ ಪಕ್ಕದಲ್ಲೋ ಒಂದೆರಡು ಮರ ನಿಂತಿರುವುದೇ ಹೆಚ್ಚು. ಆದರೆ ಹಣ್ಣಿಗಿಂತ ಮೊದಲೇ ಅದರ ಎಲೆಯ ಕೀರ್ತಿ ಊರೂರಿಗೆ ತಲುಪಿದೆ. ಕ್ಯಾನ್ಸರ್ ವಾಸಿಮಾಡುವ ಮರವೆಂದು ಸಸಿ ಮಾರಾಟವಾಗುತ್ತದೆ, ಒಣಗಿಸಿದ ಎಲೆ ಪೊಟ್ಟಣ ಸೇರುತ್ತದೆ. ಈ ಮರದ ಬಗ್ಗೆ ನಡೆದ ಸಂಶೋಧನೆ ಏನನ್ನು ಕಂಡಿದೆ, ಏನನ್ನು ಕಂಡಿಲ್ಲ ಎಂಬುದು ಗಿಡ ನೆಡುವವರಿಗೂ ಮಾರುವವರಿಗೂ ತಿಳಿದಿರಬೇಕಾದ ವಿಷಯ.

ಮರ ದೊಡ್ಡದಲ್ಲ. 5ರಿಂದ 9 ಮೀಟರ್ ಎತ್ತರ, ವರ್ಷವಿಡೀ ಹಸಿರು. ಎಲೆಯ ಮೇಲ್ಮೈ ಮಿರಮಿರನೆ ಹೊಳೆಯುತ್ತದೆ, ಕಿವುಚಿದರೆ ಘಾಟು ಹೊಡೆಯುತ್ತದೆ. ಹೂವು ಎಳೆ ರೆಂಬೆಯಲ್ಲೂ ಬರುತ್ತದೆ, ದಪ್ಪ ಕೊಂಬೆಗೂ ಕಾಂಡಕ್ಕೂ ಅಂಟಿಕೊಂಡೂ ಬರುತ್ತದೆ. ಹಸಿರು ಹಳದಿ ಬಣ್ಣದ ಮೂರು ದಪ್ಪ ಹೊರ ಎಸಳುಗಳ ಆ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಪಕ್ವವಾಗುತ್ತದೆ, ಪರಾಗ ಉದುರುವುದು ಆಮೇಲೆ. ಹೀಗಾಗಿ ಒಂದೇ ಹೂವು ತನ್ನ ಪರಾಗದಿಂದ ತಾನೇ ಕಾಯಿಕಟ್ಟುವುದು ಕಷ್ಟ. ತವರಿನಲ್ಲಿ ಸಣ್ಣ ಸಣ್ಣ ಜೀರುಂಡೆಗಳು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತವೆ.

ಈ ಪರಾಗಸ್ಪರ್ಶದ ಕಥೆಯನ್ನು ಹಣ್ಣನ್ನು ಹೆಚ್ಚಿದಾಗ ಕಣ್ಣಾರೆ ಕಾಣಬಹುದು. ಲಕ್ಷ್ಮಣ ಫಲ ಒಂದೇ ಹಣ್ಣಲ್ಲ, ಒಂದೇ ಹೂವಿನ ನೂರಾರು ಅಂಡಾಶಯಗಳು ಕೂಡಿಕೊಂಡ ಗುಂಪು. ಸಿಪ್ಪೆಯ ಮೇಲಿನ ಒಂದೊಂದು ಮೆತ್ತನೆಯ ಮುಳ್ಳೂ ಒಳಗಿನ ಒಂದೊಂದು ತೊಳೆಯ ಗುರುತು. ಪರಾಗ ಮುಟ್ಟಿದ ತೊಳೆ ಉಬ್ಬಿ ಬೆಳೆಯುತ್ತದೆ, ಮುಟ್ಟದ್ದು ಸೊರಗಿ ಉಳಿಯುತ್ತದೆ. ಒಂದು ಮಗ್ಗುಲು ಸೊರಗಿದರೆ ಹಣ್ಣು ಆ ಕಡೆಗೆ ಬಾಗುತ್ತದೆ. ಹಿತ್ತಲ ಮರದಲ್ಲಿ ಸಿಗುವ ಸೊಟ್ಟ, ಗಿಡ್ಡ, ಹೃದಯಾಕಾರದ ಹಣ್ಣುಗಳಿಗೆ ಗೊಬ್ಬರದ ಕೊರತೆಗಿಂತ ಪರಾಗದ ಕೊರತೆಯೇ ಸಾಮಾನ್ಯವಾಗಿ ಕಾರಣ. ಚೆನ್ನಾಗಿ ಕಟ್ಟಿದ ಹಣ್ಣು 30 ಸೆಂಟಿಮೀಟರ್ ಉದ್ದ, 4–5 ಕಿಲೊ ತೂಕದವರೆಗೂ ಹೋಗುತ್ತದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ತಿರುಳು. ಉಳಿದದ್ದು ಸಿಪ್ಪೆ, ದಿಂಡು, ಕಪ್ಪು ಬೀಜ.

ಅಮೆರಿಕ ಖಂಡದ ಹಣ್ಣೆಂದ ಮಾತ್ರಕ್ಕೆ ಈ ನೆಲಕ್ಕೆ ಅಪರಿಚಿತವೆನ್ನಬೇಕಿಲ್ಲ. ಸೀಬೆ, ಪರಂಗಿ, ಸಪೋಟ, ಗೋಡಂಬಿ, ಕಲ್ಲುಗುಡ್ಡದ ಬದಿಯಲ್ಲಿ ತಾನಾಗಿ ಬೆಳೆಯುವ ಸೀತಾಫಲ, ಇವೆಲ್ಲ ಅಲ್ಲಿಂದಲೇ ಬಂದವು. ಶ್ರೀರಂಗಪಟ್ಟಣಕ್ಕಂತೂ ಹೊರಗಿನ ಗಿಡ ತರಿಸಿ ನೆಡುವುದು ಹಳೆಯ ಹವ್ಯಾಸ. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಬೀಜ, ಗಿಡ, ತೋಟಗಾರರನ್ನೂ ಕೇಳಿದ್ದರು. ಆ ಸೀಬೆ ಪರಂಗಿಗಳೆಲ್ಲ ಊಟದ ದಾರಿಯಿಂದ ಮನೆಯೊಳಗೆ ಬಂದವು. ಲಕ್ಷ್ಮಣ ಫಲ ಮಾತ್ರ ಔಷಧದ ಬಾಗಿಲಿನಿಂದ ನುಗ್ಗಿದೆ, ತಾಪತ್ರಯ ಶುರುವಾಗುವುದೂ ಅಲ್ಲೇ.

ಹಣ್ಣಾಗಿ ನೋಡಿದರೆ ಅದರಲ್ಲಿ ಸಾಕಷ್ಟು ಗುಣವಿದೆ. 100 ಗ್ರಾಂ ತಿರುಳಿನಲ್ಲಿ 81 ಗ್ರಾಂನಷ್ಟು ನೀರು, ಸುಮಾರು 17 ಗ್ರಾಂ ಶರ್ಕರ ಪಿಷ್ಟಾದಿಗಳು, 3.3 ಗ್ರಾಂ ನಾರು, 20 ಮಿಲಿಗ್ರಾಂ ಸಿ ಜೀವಸತ್ವ, 278 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತವೆ. ಅದರಿಂದ ಸಿಗುವ ಶಕ್ತಿ 66 ಕ್ಯಾಲೊರಿ. ಸಿ ಜೀವಸತ್ವದಲ್ಲಿ ಹಿತ್ತಲ ಸೀಬೆ ಇದಕ್ಕಿಂತ ಹತ್ತು ಪಟ್ಟು ಮುಂದಿದೆ ಎಂಬುದನ್ನೂ ಹೇಳಬೇಕು. ರುಚಿ ಹುಳಿಸಿಹಿ, ಅನಾನಸ್ಸಿನ ಪರಿಮಳದ ಛಾಯೆ ಇದೆ. ಕ್ಯೂಬಾದಲ್ಲಿ ಹಾಲು ಸಕ್ಕರೆ ಬೆರೆಸಿ ಪಾನಕ ಮಾಡುತ್ತಾರೆ, ಇಂಡೊನೇಷ್ಯಾದಲ್ಲಿ ಬೆಲ್ಲದ ಹಲ್ವದಂಥ ಸಿಹಿ ಕಾಯಿಸುತ್ತಾರೆ. ಐಸ್‌ಕ್ರೀಂ, ಸ್ಕ್ವಾಶ್, ಜಾಮುಗಳಿಗೆ ಈ ತಿರುಳು ಹೇಳಿಮಾಡಿಸಿದ್ದು.

ತವರಿನಲ್ಲಿ ಎಲೆ, ತೊಗಟೆ, ಬೀಜಗಳಿಗೆ ಹಳೆಯ ಬಳಕೆಗಳಿವೆ. ಪೆರುವಿನ ಬೆಟ್ಟಸೀಮೆಯಲ್ಲಿ ಎಲೆಯ ಕಷಾಯವನ್ನು ನೆಗಡಿಗೆ ಕುಡಿಯುತ್ತಿದ್ದರು, ಕೆರಿಬಿಯನ್ನಿನಲ್ಲಿ ನಿದ್ದೆಗೆ. ಡಚ್ಚರ ಆಳ್ವಿಕೆಯಲ್ಲಿದ್ದ ದ್ವೀಪಗಳಲ್ಲಿ ಒಳ್ಳೆಯ ನಿದ್ದೆ ಬರಲೆಂದು ಎಲೆಗಳನ್ನು ದಿಂಬಿನ ಚೀಲದೊಳಗೆ ತುರುಕುವ ರೂಢಿಯಿತ್ತು. ಇದು ಬರೀ ನಂಬಿಕೆಯೂ ಅಲ್ಲ. ಮಿದುಳಿನಲ್ಲಿ ಮನಸ್ಸಿನ ಉದ್ವೇಗಕ್ಕೆ ಸಂಬಂಧಿಸಿದ ಸಿರೊಟೋನಿನ್ ಗ್ರಾಹಕಗಳಿಗೆ ಹೋಗಿ ಅಂಟಿಕೊಳ್ಳುವ ಕೆಲವು ಆಲ್ಕಲಾಯ್ಡುಗಳು ಈ ಮರದಲ್ಲಿರುವುದನ್ನು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೀಜದ ಪುಡಿಯನ್ನು ಹೇನು ಕೊಲ್ಲಲು, ಮೀನು ಹಿಡಿಯಲು ನೀರಿಗೆ ವಿಷವಾಗಿ ಬಳಸುತ್ತಿದ್ದರು. ಒಂದೇ ಮರ ನಿದ್ದೆಗೂ ವಿಷಕ್ಕೂ ಬಳಕೆಯಾಗುತ್ತಿದ್ದುದರಿಂದ ರಸಾಯನಶಾಸ್ತ್ರಜ್ಞರ ಕಣ್ಣು ಅದರ ಮೇಲೆ ಬಿದ್ದದ್ದು ಸಹಜವೇ.

ಆಧುನಿಕ ಸಂಶೋಧನೆಯ ಮುಖ್ಯ ಎಳೆ ಅಸಿಟೋಜೆನಿನ್ ಎಂಬ ವಸ್ತುಗಳ ಗುಂಪು. 1982ರಲ್ಲಿ ಇದೇ ಸಸ್ಯಕುಟುಂಬಕ್ಕೆ ಸೇರಿದ ಆಫ್ರಿಕದ ಗಿಡವೊಂದರ ಬೇರಿನಿಂದ ಈ ಗುಂಪಿನ ಮೊದಲ ವಸ್ತುವನ್ನು ಬೇರ್ಪಡಿಸಿದರು. ಆಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆರ್ರಿ ಮ್ಯಾಕ್‌ಲಾಫ್ಲಿನ್ ಮತ್ತು ಸಂಗಡಿಗರು ಸೀತಾಫಲದ ಕುಟುಂಬವನ್ನೇ ಜಾಲಾಡಿದರು. ಲಕ್ಷ್ಮಣ ಫಲವೊಂದರಿಂದಲೇ ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಅಸಿಟೋಜೆನಿನ್‌ಗಳು ಬೇರ್ಪಟ್ಟಿವೆ, ಅವುಗಳಲ್ಲಿ ಪ್ರಮುಖವಾದದ್ದು ಅನೋನಾಸಿನ್. ರಚನೆಯಲ್ಲಿ ಇವು 35 ಅಥವಾ 37 ಇಂಗಾಲದ ಪರಮಾಣುಗಳ ಉದ್ದ ಸರಪಳಿಗಳು. ಕೊಬ್ಬಿನ ಜಾತಿಯವಾದ್ದರಿಂದ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕೊನೆಯ ಈ ಮಾತು ಕಷಾಯದ ವಿಚಾರ ಬಂದಾಗ ಬೇಕಾಗುತ್ತದೆ.

ಅಸಿಟೋಜೆನಿನ್ ಕೆಲಸ ಮಾಡುವ ಬಗೆ ಸ್ಪಷ್ಟವಾಗಿ ಗೊತ್ತಿದೆ. ಪ್ರತಿ ಜೀವಕೋಶದೊಳಗೂ ಆಹಾರವನ್ನು ಶಕ್ತಿಯಾಗಿ ಬದಲಿಸುವ ಮೈಟೋಕಾಂಡ್ರಿಯಗಳಿವೆ. ಅವುಗಳ ಒಳಪೊರೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸುವ ಪ್ರೋಟೀನುಗಳ ಸಾಲೊಂದಿದೆ. ಸಾಲಿನ ಮೊದಲನೆಯ ಮೆಟ್ಟಿಲನ್ನೇ ಅಸಿಟೋಜೆನಿನ್ ಕಟ್ಟಿಹಾಕುತ್ತದೆ. ಶಕ್ತಿ ನಿಂತರೆ ಕೋಶ ಸಾಯುತ್ತದೆ. ಬೇಗ ಬೇಗ ಒಡೆದು ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಶಕ್ತಿಯ ಹಸಿವು ಹೆಚ್ಚು, ಆದ್ದರಿಂದ ಅದೇ ಮೊದಲು ಸಾಯಬೇಕು ಎಂಬುದು ಸಂಶೋಧಕರ ಊಹೆ. ಊಹೆ ಸೊಗಸಾಗಿದೆ. ಆದರೆ ದೇಹದಲ್ಲಿ ಶಕ್ತಿಯ ಹಸಿವು ಹೆಚ್ಚಿರುವ ಇನ್ನೊಂದು ಅಂಗವಿದೆ. ತೂಕದಲ್ಲಿ ದೇಹದ ಶೇ. 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಶೇ. 20ರಷ್ಟನ್ನು ತಾನೇ ತಿನ್ನುತ್ತದೆ.

ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ ಎಂದು ವಾಟ್ಸಾಪಿನಲ್ಲಿ ಸುತ್ತುವ ಮಾತು ಆಕಾಶದಿಂದ ಉದುರಿದ್ದಲ್ಲ, ಅದಕ್ಕೊಂದು ಮೂಲವಿದೆ. 1996ರಲ್ಲಿ ಪರ್ಡ್ಯೂ ತಂಡ ಲಕ್ಷ್ಮಣ ಫಲದ ಬೀಜದಿಂದ ಐದು ಹೊಸ ಅಸಿಟೋಜೆನಿನ್‌ಗಳನ್ನು ವರದಿ ಮಾಡಿತು. ಅವುಗಳಲ್ಲಿ ಒಂದು, ಎಚ್‌ಟಿ-29 ಎಂಬ ಕೋಶಗಳನ್ನು ಅಡ್ರಿಯಾಮೈಸಿನ್ ಎಂಬ ಔಷಧಕ್ಕಿಂತ 10,000 ಪಟ್ಟು ತೀಕ್ಷ್ಣವಾಗಿ ಕೊಂದಿತು ಎಂದು ಆ ಪ್ರಬಂಧದಲ್ಲಿದೆ. ಇದನ್ನು ಬಿಡಿಸಿ ಓದಬೇಕು. ಎಚ್‌ಟಿ-29 ಎಂಬುದು 1964ರಲ್ಲಿ ಒಬ್ಬ ಮಹಿಳೆಯ ದೊಡ್ಡಕರುಳಿನ ಗಡ್ಡೆಯಿಂದ ತೆಗೆದು, ಅಂದಿನಿಂದ ಪ್ರಯೋಗಾಲಯಗಳಲ್ಲಿ ಗಾಜಿನ ತಟ್ಟೆಯ ಮೇಲೆ ಬೆಳೆಸಿಕೊಂಡು ಬಂದಿರುವ ಕೋಶಗಳ ತಳಿ. ಕೊಂದದ್ದು ಬೀಜದಿಂದ ಶುದ್ಧೀಕರಿಸಿದ ಒಂದು ರಾಸಾಯನಿಕ. ಎಲೆಯಾಗಲಿ ಹಣ್ಣಾಗಲಿ ಆ ಪರೀಕ್ಷೆಯಲ್ಲಿರಲಿಲ್ಲ. ಹೋಲಿಕೆಗೆ ಹಿಡಿದ ಅಡ್ರಿಯಾಮೈಸಿನ್ ಸ್ತನದ ಕ್ಯಾನ್ಸರಿನಂಥವಕ್ಕೆ ಕೊಡುವ ಔಷಧ, ದೊಡ್ಡಕರುಳಿನ ಕ್ಯಾನ್ಸರಿಗೆ ವೈದ್ಯರು ಅದನ್ನು ಬಳಸುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಟ್ಟೆಯ ಮೇಲಿನ ಕೋಶಕ್ಕೆ ರಕ್ತನಾಳವಿಲ್ಲ, ಯಕೃತ್ತಿಲ್ಲ, ಪಕ್ಕದಲ್ಲಿ ಕಾಪಾಡಬೇಕಾದ ಮಿದುಳೂ ಇಲ್ಲ. ಅಲ್ಲಿ ಕೋಶವನ್ನು ಕೊಲ್ಲಬಲ್ಲ ವಸ್ತುಗಳ ಪಟ್ಟಿ ಬಹಳ ಉದ್ದವಾಗಿದೆ, ಸಾಬೂನಿನ ನೀರೂ ಅದರಲ್ಲಿ ಸೇರುತ್ತದೆ. ಪ್ರಬಂಧ ಬರೆದವರು ಹೇಳಿದ್ದರಲ್ಲಿ ತಪ್ಪಿಲ್ಲ. ಬೀಜ, ತಟ್ಟೆ, ಒಂದೇ ಬಗೆಯ ಕೋಶ ಎಂಬ ಷರತ್ತುಗಳು ದಾರಿಯಲ್ಲಿ ಒಂದೊಂದಾಗಿ ಕಳಚಿ ಬಿದ್ದು, ಸಂತೆಗೆ ಬಂದು ಮುಟ್ಟಿದ್ದು 10,000 ಎಂಬ ಅಂಕಿ ಮಾತ್ರ.

ತಟ್ಟೆಯಿಂದ ಇಲಿಯವರೆಗೆ ಕೆಲಸ ಸಾಗಿದೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಲಕ್ಷ್ಮಣ ಫಲದ ಸಾರವು ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಇಲಿಗಳಲ್ಲಿ ಕುಗ್ಗಿಸಿದ್ದನ್ನು ವರದಿ ಮಾಡಿತು. ಮಲಯ ವಿಶ್ವವಿದ್ಯಾಲಯದವರು 2014ರಿಂದೀಚೆಗೆ ಎಲೆಯ ಸಾರವನ್ನು ಶ್ವಾಸಕೋಶ, ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದ್ದಾರೆ. ಮನುಷ್ಯರ ವಿಷಯಕ್ಕೆ ಬಂದರೆ ಕೈಗೆ ಸಿಗುವುದು ಅತ್ಯಲ್ಪ. ಇಂಡೊನೇಷ್ಯಾದಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿದ ಕರುಳಿನ ಕ್ಯಾನ್ಸರಿನ ಸುಮಾರು 30 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದು 2017ರಲ್ಲಿ ಪ್ರಕಟವಾಯಿತು. ಎಲೆಯ ಸಾರ ಸೇವಿಸಿದವರ ರಕ್ತದ ಸೀರಂ, ತಟ್ಟೆಯಲ್ಲಿದ್ದ ಕ್ಯಾನ್ಸರ್ ಕೋಶಗಳನ್ನು ಹೆಚ್ಚು ಕೊಂದಿತೆಂಬುದು ಅದರ ಫಲಿತಾಂಶ. ರೋಗಿಗಳು ಹೆಚ್ಚು ಕಾಲ ಬದುಕಿದರೇ, ಗಡ್ಡೆ ಮರುಕಳಿಸುವುದು ತಪ್ಪಿತೇ ಎಂಬ ಪ್ರಶ್ನೆಗಳಿಗೆ ಅಷ್ಟು ಚಿಕ್ಕ ಪರೀಕ್ಷೆ ಉತ್ತರ ಹೇಳಲಾರದು. ನೂರಾರು ರೋಗಿಗಳನ್ನು ಒಳಗೊಂಡು ಈ ಎಲೆ ಕ್ಯಾನ್ಸರ್ ವಾಸಿಮಾಡುತ್ತದೆಂದು ತೋರಿಸಿದ ಪರೀಕ್ಷೆ ಜಗತ್ತಿನ ಯಾವ ಮೂಲೆಯಲ್ಲೂ ನಡೆದಿಲ್ಲ.

ಗಿಡವೊಂದು ನಿಜವಾಗಿ ಕ್ಯಾನ್ಸರ್ ಔಷಧವಾದದ್ದು ಹೇಗೆ ಎಂದು ತಿಳಿಯಲು ಈ ತಾಲ್ಲೂಕುಗಳ ಅಂಗಳದಲ್ಲೇ ಉದಾಹರಣೆ ಇದೆ. ತುಳಸಿಕಟ್ಟೆಯ ಬಳಿ, ಬೇಲಿಯ ಸಾಲಿನಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ಅಥವಾ ಕಾಶಿ ಕಣಗಲೆಯೇ ಅದು, ಮಡಗಾಸ್ಕರದಿಂದ ಬಂದದ್ದು. ಜಮೈಕಾದಲ್ಲಿ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನು ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ, ಬದಲಿಗೆ ಪ್ರಾಣಿಗಳ ಬಿಳಿರಕ್ತಕಣ ಇಳಿಯಿತು. ಅದನ್ನೇ ಬೆನ್ನು ಹತ್ತಿ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಪ್ರಕಟಿಸಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಅದನ್ನು ಕೊಡುತ್ತಾರೆ. ರಾಶಿ ಎಲೆಯಿಂದ ಬರುವುದು ಕೆಲವೇ ಗ್ರಾಂ. ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ, ರೋಗಿಯ ಮೈಯಳತೆ ಲೆಕ್ಕಹಾಕಿ, ರಕ್ತನಾಳಕ್ಕೆ ಕೊಡುತ್ತಾರೆ. ಪ್ರಮಾಣ ಮೀರಿದರೆ ನರಗಳಿಗೆ ಪೆಟ್ಟು. ಇಷ್ಟೆಲ್ಲ ಆದಮೇಲೂ ರಕ್ತದ ಕ್ಯಾನ್ಸರಿಗೆ ಕಾಶಿ ಕಣಗಲೆಯ ಕಷಾಯ ಕುಡಿಯಿರಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಲಕ್ಷ್ಮಣ ಫಲದ ಅಸಿಟೋಜೆನಿನ್‌ಗಳು ಈ ದಾರಿಯಲ್ಲಿ ಮುಂದೆ ಹೋಗದಿರಲು ಮುಖ್ಯ ಅಡ್ಡಿ ಅವು ನರಕೋಶಕ್ಕೆ ಮಾಡಬಹುದಾದ ಹಾನಿಯ ಭಯ.

ಆ ಭಯದ ಮೂಲ ಕೆರಿಬಿಯನ್ ಸಮುದ್ರದಲ್ಲಿರುವ, ಫ್ರಾನ್ಸಿಗೆ ಸೇರಿದ ಗ್ವಾಡಲೂಪ್ ದ್ವೀಪ. ಅಲ್ಲಿನ ನರರೋಗ ತಜ್ಞೆ ಡೊಮಿನಿಕ್ ಕಪಾರೋ-ಲೆಫೆಬ್ರ್ ಮತ್ತು ಸಂಗಡಿಗರು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೈಕಾಲು ಬಿಗಿದು ನಡಿಗೆ ನಿಧಾನವಾಗುವ ಪಾರ್ಕಿನ್ಸನ್ ಬಗೆಯ ಲಕ್ಷಣಗಳಿದ್ದ ದ್ವೀಪದ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರಿಗಷ್ಟೇ ಎಲ್ಲರಿಗೂ ಗೊತ್ತಿರುವ ಪಾರ್ಕಿನ್ಸನ್ ಕಾಯಿಲೆ ಇತ್ತು. ಉಳಿದವರದು ಅಪರೂಪದ ರೂಪ. ರೋಗಿ ಮೊದಮೊದಲಿಗೇ ಬೀಳತೊಡಗುತ್ತಾರೆ, ಅದೂ ಹಿಂದಕ್ಕೆ. ಕೆಲವರಲ್ಲಿ ಕಣ್ಣುಗುಡ್ಡೆ ಮೇಲಕ್ಕೂ ಕೆಳಕ್ಕೂ ಹೊರಳದೆ ಮೆಟ್ಟಿಲು ಇಳಿಯುವುದು, ತಟ್ಟೆಯ ಅನ್ನ ನೋಡುವುದು ಕಷ್ಟವಾಗುತ್ತದೆ. ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪ ಮಾತ್ರೆ ಇವರಿಗೆ ನಾಟುವುದಿಲ್ಲ. ಯುರೋಪಿನಲ್ಲಿ ವಿರಳವಾದ ಈ ರೂಪ ದ್ವೀಪದಲ್ಲಿ ಯಾಕೆ ಇಷ್ಟು ಎಂದು ಕೇಳುತ್ತಾ ಹೋದಾಗ, ಆರೋಗ್ಯವಂತರಿಗೆ ಹೋಲಿಸಿದರೆ ಈ ರೋಗಿಗಳು ಲಕ್ಷ್ಮಣ ಫಲವನ್ನೂ ಅದರ ಸಂಬಂಧಿಕ ಹಣ್ಣುಗಳನ್ನೂ ಎಲೆಯ ಕಷಾಯವನ್ನೂ ಬಹಳ ಹೆಚ್ಚಾಗಿ ಸೇವಿಸುತ್ತಿದ್ದದ್ದು ಕಂಡಿತು.

ಮುಂದಿನ ಕೆಲಸ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಿಯೆರ್ ಶಾಂಪಿಯದು. 2004ರಲ್ಲಿ ಅವರ ತಂಡ ಇಲಿಗಳ ರಕ್ತನಾಳಕ್ಕೆ 28 ದಿನ ಅನೋನಾಸಿನ್ ಹರಿಸಿದಾಗ, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗಗಳಲ್ಲೇ ನರಕೋಶಗಳು ನಶಿಸಿದವು. 2005ರಲ್ಲಿ ಅದೇ ತಂಡ ಅಳತೆಗೆ ಇಳಿಯಿತು. ಸಾಧಾರಣ ಗಾತ್ರದ ಒಂದು ಹಣ್ಣಿನಲ್ಲಿ ಸುಮಾರು 15 ಮಿಲಿಗ್ರಾಂ ಅನೋನಾಸಿನ್, ಅಂಗಡಿಯಲ್ಲಿ ಸಿಗುವ ಒಂದು ಡಬ್ಬಿ ಹಣ್ಣಿನ ಪಾನೀಯದಲ್ಲಿ 36 ಮಿಲಿಗ್ರಾಂ, ಒಂದು ಲೋಟ ಎಲೆ ಕಷಾಯದಲ್ಲಿ 0.14 ಮಿಲಿಗ್ರಾಂ. ದಿನಕ್ಕೊಂದು ಹಣ್ಣು ಅಥವಾ ಡಬ್ಬಿಯಂತೆ ವರ್ಷಪೂರ್ತಿ ಸೇವಿಸಿದರೆ, ತೂಕಕ್ಕೆ ತಕ್ಕಂತೆ ಲೆಕ್ಕಹಾಕಿದಾಗ, ಇಲಿಗಳಿಗೆ ಹಾನಿ ಮಾಡಿದಷ್ಟು ಪ್ರಮಾಣ ದೇಹ ಸೇರುತ್ತದೆ ಎಂದು ಅವರು ಅಂದಾಜು ಮಾಡಿದರು.

ಈ ಅಂದಾಜಿಗೂ ಮಿತಿಗಳಿವೆ. ಇಲಿಗೆ ಕೊಟ್ಟದ್ದು ನೇರ ರಕ್ತಕ್ಕೆ. ಬಾಯಿಂದ ಸೇವಿಸಿದ ಅನೋನಾಸಿನ್‌ನಲ್ಲಿ ಶೇ. 3ರ ಆಸುಪಾಸಿನಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ ಎಂದು ಆಮೇಲಿನ ಇಲಿ ಪ್ರಯೋಗ ತೋರಿಸಿತು. ಗ್ವಾಡಲೂಪ್‌ನ ಕಾಯಿಲೆಗೆ ಈ ಹಣ್ಣೇ ಕಾರಣವೆಂದು ಖಚಿತವಾಗಿ ಹೇಳಲಾಗದು ಎಂದು ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಅಭಿಪ್ರಾಯಪಟ್ಟಿತು. ಹೀಗಾಗಿ ಋತುವಿನಲ್ಲಿ ನಾಲ್ಕಾರು ಹಣ್ಣು ತಿನ್ನುವ ಮನೆಯವರು ಬೆದರುವ ಅಗತ್ಯ ಕಾಣುವುದಿಲ್ಲ. ಔಷಧವೆಂದು ನಂಬಿ ವರ್ಷಗಟ್ಟಲೆ ದಿನಾ ಸೇವಿಸುವವರ ಪಾಡು ಬೇರೆ. ಅನುಮಾನ ಉಳಿದಿರುವುದು ಅವರ ವಿಷಯದಲ್ಲೇ.

ಅಳತೆಯ ಸಂಖ್ಯೆಗಳು ಇನ್ನೊಂದು ಮಾತನ್ನೂ ಹೊರಗೆಡಹುತ್ತವೆ. ಕಷಾಯಕ್ಕೆ ಇಳಿಯುವ ಅನೋನಾಸಿನ್ ಹಣ್ಣಿನಲ್ಲಿರುವುದರ ನೂರನೇ ಒಂದು ಪಾಲು. ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಂದ ವಸ್ತುಗಳು ಇದೇ ಗುಂಪಿನವು. ಹಾಗಾದರೆ ಎಲೆ ಕುದಿಸಿ ಕುಡಿಯುವವರಿಗೆ ಹೆಸರಾಂತ ಔಷಧಗುಣ ಸಿಗುವುದೇ ಅನುಮಾನ. ಎಲೆಯನ್ನೇ ಪುಡಿಮಾಡಿ ಕ್ಯಾಪ್ಸೂಲಿನಲ್ಲಿ ನುಂಗಿದರೆ ಎಲೆಯಲ್ಲಿರುವುದೆಲ್ಲ ಹೊಟ್ಟೆಗೆ ಹೋಗುತ್ತದೆ, ಆಗ ಮಿದುಳಿನ ಪ್ರಶ್ನೆ ಮತ್ತೆ ಏಳುತ್ತದೆ. ಕಷಾಯ ಪರವಾಗಿಲ್ಲ, ಪುಡಿ ಇನ್ನೂ ಒಳ್ಳೆಯದು ಎಂದು ಮಾರುವವರ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ವಿಷಯದಲ್ಲಿ ನೈಜೀರಿಯ, ಜಮೈಕಾಗಳ ಪ್ರಯೋಗಾಲಯಗಳು ಎಲೆಯ ಸಾರ ಇಲಿಗಳಲ್ಲಿ ಎರಡನ್ನೂ ಇಳಿಸಿದ್ದನ್ನು ವರದಿ ಮಾಡಿವೆ. ಇಲ್ಲೂ ಮನುಷ್ಯರ ಮೇಲಿನ ಗಟ್ಟಿ ಪುರಾವೆ ಇಲ್ಲ. ಆದರೆ ಈಗಾಗಲೇ ಶುಗರ್, ಬಿ.ಪಿ. ಮಾತ್ರೆ ನುಂಗುತ್ತಿರುವವರು ಅದರ ಮೇಲೆ ಎಲೆಯ ಪುಡಿಯನ್ನೂ ಸೇರಿಸಿದರೆ ಎರಡೂ ಒಟ್ಟಿಗೆ ಇಳಿದು ತಲೆಸುತ್ತಿ ಬೀಳುವ ಸಂಭವವನ್ನು ತಳ್ಳಿಹಾಕುವಂತಿಲ್ಲ. ಗರ್ಭಿಣಿಯರು ಎಲೆ, ಬೀಜಗಳಿಂದ ದೂರವಿರುವುದೇ ಕ್ಷೇಮ.

ಎಲೆಯ ಹಾನಿಗಿಂತ ದೊಡ್ಡದು ಕಾಲ ಕಳೆಯುವ ಹಾನಿ. ಯೇಲ್ ವಿಶ್ವವಿದ್ಯಾಲಯದ ಸ್ಕೈಲರ್ ಜಾನ್ಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ, ವಾಸಿಯಾಗಬಹುದಾದ ಹಂತದಲ್ಲಿದ್ದರೂ ಆಸ್ಪತ್ರೆ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ರೋಗಿಗಳನ್ನು ಹಿಂಬಾಲಿಸಿತು. ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಅವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು, ಸ್ತನದ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ, ಮಂಡ್ಯದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ಕಿದ್ವಾಯಿ ಗಂಥಿ ಸಂಸ್ಥೆ ಇದೆ. ಎದೆಯಲ್ಲಿ ಗಂಟು ಕಂಡವರು ಈ ಯಾವುದಕ್ಕೂ ಹೋಗದೆ ಮೂರು ತಿಂಗಳು ಎಲೆ ಕುದಿಸುತ್ತಾ ಕೂತರೆ ಗಂಟು ಕಾಯುವುದಿಲ್ಲ.

ಸಂಶೋಧನೆ ಗಟ್ಟಿಯಾಗಿ ಹೇಳುವ ಉಪಯೋಗ ಇನ್ನೊಂದು ಕಡೆಯಿದೆ, ಅದು ಕೀಟಗಳ ಹತೋಟಿ. ಮೈಟೋಕಾಂಡ್ರಿಯದ ಮೊದಲ ಮೆಟ್ಟಿಲನ್ನು ಹಿಡಿಯುವ ಗುಣ ಹುಳುಗಳ ಮೇಲೂ ನಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ನುಸಿನಾಶಕಗಳು ಕೆಲಸ ಮಾಡುವುದೂ ಇದೇ ಜಾಗದಲ್ಲಿ. ಎಲೆಕೋಸು, ಹೂಕೋಸು ಬೆಳೆಯುವವರನ್ನು ಕಾಡುವ ವಜ್ರಬೆನ್ನಿನ ಪತಂಗದ ಮರಿಹುಳುಗಳ ಮೇಲೆ ಲಕ್ಷ್ಮಣ ಫಲದ ಬೀಜದ ಸಾರ ಪರಿಣಾಮಕಾರಿ ಎಂದು ಬ್ರೆಜಿಲ್‌ನ ಸಂಶೋಧಕರು 2011ರಲ್ಲಿ ತೋರಿಸಿದರು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳ ಮೇಲೂ ಪ್ರಯೋಗಗಳಾಗಿವೆ. ತಿರುಳು ತೆಗೆದ ಮೇಲೆ ಎಸೆಯುವ ಬೀಜಕ್ಕೆ ಬೆಲೆ ಬರುವ ದಾರಿ ಇದು. ಆದರೆ ಮನೆಯಲ್ಲೇ ಅರೆದು ಸಿಂಪಡಿಸುವವರಿಗೆ ಎರಡು ಎಚ್ಚರಿಕೆ ಬೇಕು. ಸೀತಾಫಲದ ಬೀಜದ ಪುಡಿಯನ್ನು ಹೇನಿಗೆಂದು ತಲೆಗೆ ಹಚ್ಚಿ, ಅದು ಕಣ್ಣಿಗೆ ಇಳಿದು ಕರಿಗುಡ್ಡೆಯ ಪೊರೆ ಕಿತ್ತುಬಂದ ಪ್ರಕರಣಗಳನ್ನು ನಮ್ಮ ದೇಶದ ನೇತ್ರ ವೈದ್ಯರು ದಾಖಲಿಸಿದ್ದಾರೆ, ಲಕ್ಷ್ಮಣ ಫಲದ ಬೀಜ ಅದರ ದಾಯಾದಿ. ಇನ್ನು ಮೀನಿಗೆ ಇದು ವಿಷ. ಅರೆದ ಪಾತ್ರೆಯನ್ನು ವಿ.ಸಿ. ನಾಲೆಯಲ್ಲೋ ಊರ ಕೆರೆಯಲ್ಲೋ ತೊಳೆಯಬಾರದು.

ಬೆಳೆಯುವ ವಿಚಾರ. ಈ ಮರ ಮಂಜು ತಡೆಯದು, ಸಮುದ್ರಮಟ್ಟದಿಂದ 1,000 ಮೀಟರ್ ವರೆಗಿನ ಬೆಚ್ಚನೆಯ ಸೀಮೆ ಅದಕ್ಕೆ ಹಿತ. ಹವೆಯ ದೃಷ್ಟಿಯಿಂದ ನಾಲ್ಕು ತಾಲ್ಲೂಕುಗಳೂ ಒಗ್ಗುತ್ತವೆ. ತೊಡಕಿರುವುದು ನೀರಿನಲ್ಲಿ. ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ನೀರು ನಿಂತರೆ ಕೊಳೆತುಹೋಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಭತ್ತದ ಗದ್ದೆಯ ಬದುವಿನಲ್ಲಿ ನೆಟ್ಟ ಸಸಿ ಒಣಗುವುದು ಬಿಸಿಲಿಗಲ್ಲ, ಬುಡದಲ್ಲಿ ಸದಾ ಇರುವ ತೇವಕ್ಕೆ. ಅಲ್ಲಿ ಏರಿ ಮಾಡಿ ಎತ್ತರದಲ್ಲಿ ನೆಡಬೇಕು. ನಾಗಮಂಗಲದ ಹಾಗೂ ಕೆ.ಆರ್. ಪೇಟೆಯ ಮೇಲ್ಭಾಗದ ಬಸಿಯುವ ಕೆಮ್ಮಣ್ಣು ಬೇರಿಗೆ ಒಳ್ಳೆಯದು, ಅಲ್ಲಿ ಬೇಸಿಗೆಯಲ್ಲಿ ಹನಿ ನೀರು ಮತ್ತು ಬುಡಕ್ಕೆ ಹುಲ್ಲು, ತೆಂಗಿನ ಗರಿ ಅಥವಾ ಕಬ್ಬಿನ ತರಗಿನ ಹೊದಿಕೆ ಬೇಕು. ಮರದಿಂದ ಮರಕ್ಕೆ 5–6 ಮೀಟರ್ ಸಾಕು. ಬೀಜದ ಸಸಿ 3ರಿಂದ 5 ವರ್ಷಕ್ಕೆ ಫಸಲಿಗೆ ಬರುತ್ತದೆ. ಕಸಿ ಗಿಡ ಇನ್ನೂ ಬೇಗ ಬರುತ್ತದೆ, ತಾಯಿಮರದ ಗುಣವನ್ನೂ ಉಳಿಸಿಕೊಳ್ಳುತ್ತದೆ. ಹಿಟ್ಟು ತಿಗಣೆಯ ಕಾಟ ಇದಕ್ಕೂ ಉಂಟು.

ಇಲ್ಲಿ ತವರಿನ ಜೀರುಂಡೆಗಳಿಲ್ಲದ ಕಾರಣ ಇಳುವರಿಯ ಕೀಲಿಯು ಕೈಯಿಂದ ಮಾಡುವ ಪರಾಗಸ್ಪರ್ಶದಲ್ಲಿದೆ. ಪೂರ್ತಿ ಅರಳಿ ಪರಾಗ ಉದುರಿಸುವ ಹೂವನ್ನು ಕಾಗದದ ಮೇಲೆ ತಟ್ಟಿ ಪರಾಗ ಕೂಡಿಸಿಕೊಂಡು, ಆಗತಾನೆ ಎಸಳು ಬಿರಿಯತೊಡಗಿದ ಹೂವಿನ ನಡುವಿನ ಅಂಟಾದ ದಿಬ್ಬಕ್ಕೆ ಸಣ್ಣ ಬ್ರಷ್‌ನಲ್ಲಿ ಸುತ್ತಲೂ ಸವರಬೇಕು. ಒಂದೇ ಕಡೆ ಸವರಿದರೆ ಹಣ್ಣು ಮತ್ತೆ ಸೊಟ್ಟಗಾಗುತ್ತದೆ. ಕಾಂಡದ ಮೇಲಿನ ಹೂವುಗಳನ್ನು ಆರಿಸಿಕೊಂಡರೆ ಭಾರ ಹೊರುವ ಚಿಂತೆಯಿಲ್ಲ.

ಕೊಯ್ಲಿನ ಹದ ತಪ್ಪುವುದು ಸುಲಭ. ಕಡುಹಸಿರು ಹೋಗಿ ಹಳದಿ ಬೆರೆತ ತಿಳಿಹಸಿರು ಬಂದು, ಮುಳ್ಳುಗಳ ನಡುವೆ ಅಂತರ ಬಿಟ್ಟಾಗ, ಇನ್ನೂ ಗಟ್ಟಿಯಿರುವಾಗಲೇ ಕೀಳಬೇಕು. ಮರದಲ್ಲೇ ಹಣ್ಣಾಗಲು ಬಿಟ್ಟರೆ ನೆಲಕ್ಕೆ ಬಿದ್ದು ಒಡೆಯುತ್ತದೆ, ಇಲ್ಲವೇ ಬಾವಲಿಯ ಪಾಲು. ರಂಗನತಿಟ್ಟಿನ ಸುತ್ತಲಿನವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಕಿತ್ತ ಹಣ್ಣು ನಾಲ್ಕೈದು ದಿನಕ್ಕೆ ಮೆತ್ತಗಾಗುತ್ತದೆ, ಅದಾದ ಮೇಲೆ ಸಿಪ್ಪೆ ಕಪ್ಪಾಗಿ ದೂರದ ಮಾರುಕಟ್ಟೆಗೆ ಹೋಗಲಾರದು. ಹೀಗಾಗಿ ಇಡೀ ಹಣ್ಣಿಗಿಂತ ತಿರುಳಿಗೇ ವ್ಯಾಪಾರದ ದಾರಿ. ಬೀಜ ಬೇರ್ಪಡಿಸಿ, ತಿರುಳನ್ನು ಕಡೆದು, ತಣ್ಣಗೆ ಹೆಪ್ಪುಗಟ್ಟಿಸಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಮಿಕ್ಸಿಯಲ್ಲಿ ಬೀಜ ಸೇರಿ ಅರೆಯಬಾರದೆಂಬುದು ಇಲ್ಲಿನ ಮುಖ್ಯ ನಿಯಮ, ವಿಷ ಹೆಚ್ಚಿರುವುದು ಬೀಜದಲ್ಲೇ. ಹಣ್ಣಿನ ಸಂಸ್ಕರಣೆಯ ತಂತ್ರಜ್ಞಾನಕ್ಕೆ 1950ರಲ್ಲಿ ಶುರುವಾದ ಮೈಸೂರಿನ ಸಿ.ಎಫ್.ಟಿ.ಆರ್.ಐ. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆಯ ದಾರಿ. ಸೀತಾಫಲದ ಕುಲದಲ್ಲೇ ಇನ್ನೊಂದು ಬೆಳೆ ಬೇಕೆನ್ನುವವರಿಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್ ಎಂಬ ಮಿಶ್ರತಳಿ ಇದೆ. ಸಿಹಿ ಹೆಚ್ಚು, ಬೀಜ ಕಡಿಮೆ. ಮಾರುಕಟ್ಟೆಯ ದೃಷ್ಟಿಯಿಂದ ಲಕ್ಷ್ಮಣ ಫಲಕ್ಕಿಂತ ಅದೇ ಭದ್ರ ಎನ್ನಬೇಕು.

ಮಾರುವಾಗ ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನೂ ತಿಳಿಯಬೇಕು. ಔಷಧ ಹಾಗೂ ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕೇಂದ್ರ ಕಾಯ್ದೆಯ ಅನುಸೂಚಿಯಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ ಎರಡೂ ಇವೆ. ಯಾವುದೇ ವಸ್ತು ಈ ಕಾಯಿಲೆಗಳನ್ನು ಗುಣಪಡಿಸುತ್ತದೆಂದು ಸಾರುವುದು ಅಪರಾಧ. ಮೊದಲ ಸಲ ತಪ್ಪು ಸಾಬೀತಾದರೆ 6 ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ಜಾಹೀರಾತು ಎಂದರೆ ಪತ್ರಿಕೆಯಲ್ಲಿ ಬಂದದ್ದಷ್ಟೇ ಅಲ್ಲ. ಕರಪತ್ರ, ಚೀಟಿ, ಪೊಟ್ಟಣದ ಹೊದಿಕೆ, ಬಾಯಿಂದ ಕೂಗಿ ಹೇಳುವುದು, ಬೆಳಕು, ಶಬ್ದ, ಹೊಗೆಯ ಮೂಲಕ ತಿಳಿಸುವುದು ಎಲ್ಲವನ್ನೂ ಕಾಯ್ದೆ ಹೆಸರಿಟ್ಟು ಸೇರಿಸಿದೆ. ಸಂತೆಯಲ್ಲಿ ಮೈಕು ಹಿಡಿದು ಸಸಿ ಮಾರುವವರೂ ಹೀಗೆ ಅದರ ವ್ಯಾಪ್ತಿಗೆ ಬರುತ್ತಾರೆ. ತಿರುಳು, ಜಾಮುಗಳಂಥ ಆಹಾರಕ್ಕೆ ಸುಳ್ಳು ಗುಣ ಹೇಳಿದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೊರದೇಶಗಳಲ್ಲೂ ಇದೇ ಬಿಗಿ. ಕ್ಯಾನ್ಸರ್ ವಾಸಿಯ ಸುಳ್ಳು ಹೇಳಿ ಸರಕು ಮಾರುತ್ತಿದ್ದ 14 ಸಂಸ್ಥೆಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರ ಏಪ್ರಿಲ್‌ನಲ್ಲಿ ನೋಟಿಸು ಕೊಟ್ಟಾಗ ಲಕ್ಷ್ಮಣ ಫಲ ಮಾರುವವರೂ ಆ ಪಟ್ಟಿಯಲ್ಲಿದ್ದರು.

ತಿರುಳಿನ ಡಬ್ಬಿಯ ಮೇಲೆ ಹಣ್ಣಿನ ಹೆಸರು, ತೂಕ, ತಯಾರಿಸಿದ ಮತ್ತು ಬಳಸಬೇಕಾದ ದಿನ, ಸೇರಿಸಿದ ಸಕ್ಕರೆ, ಪೋಷಕಾಂಶಗಳ ಲೆಕ್ಕ, ಆಹಾರ ಪರವಾನಗಿ ಸಂಖ್ಯೆ ಇರಬೇಕು. ಸಸಿಯ ಚೀಟಿಯ ಮೇಲೆ ಜಾತಿ, ಬೀಜದ್ದೋ ಕಸಿಯದ್ದೋ ಎಂಬ ವಿವರ, ಫಸಲಿಗೆ ಬರುವ ವರ್ಷ, ನೀರು ನಿಲ್ಲಬಾರದೆಂಬ ಸೂಚನೆ ಇದ್ದರೆ ಕೊಳ್ಳುವವರಿಗೆ ಉಪಯೋಗ.